ಆದಾಯ ತೆರಿಗೆಯ ಬದಲು ಮಾರಾಟ ತೆರಿಗೆ: ಹಾಸನದ ಒಂದು ಮನೆತನದ ಲೆಕ್ಕ

ಹಾಸನ ಜಿಲ್ಲೆಯ ಒಂದು ಮನೆತನದ ತೆರಿಗೆ ಕಾಗದಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಮೂವರು ಅಣ್ಣತಮ್ಮಂದಿರು. ಹಿರಿಯವರು ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ, ಮೆಣಸಿನ ತೋಟ ಮಾಡಿಸುತ್ತಾರೆ. ನಡುವಿನವರು ಹಾಸನದಲ್ಲಿ ಸರ್ಕಾರಿ ಕಾಲೇಜಿನ ಮೇಷ್ಟ್ರು. ಕಿರಿಯವರದು ಅದೇ ಊರಿನಲ್ಲಿ ಬೇಕರಿ. ತಾಯಿ ನಿವೃತ್ತ ಶಾಲಾ ಶಿಕ್ಷಕಿ, ಪಿಂಚಣಿ ಬರುತ್ತದೆ. ಇವರ ಜೊತೆಗೆ ತೋಟದ ಲೈನ್ ಮನೆಯಲ್ಲಿರುವ (ಕೂಲಿಯವರ ಸಾಲುಮನೆ) ಗಂಡಹೆಂಡತಿ ಇಬ್ಬರ ಕೂಲಿ ಸಂಸಾರವನ್ನೂ ಲೆಕ್ಕಕ್ಕೆ ತಂದಿದ್ದೇನೆ. ಅವರನ್ನು ಬಿಟ್ಟು ಈ ಪ್ರಕರಣ ಬರೆದರೆ ಅದು ಅರ್ಧ ಸತ್ಯವಾಗುತ್ತದೆ. ಎಲ್ಲರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತದಂತೆ ಹೆಸರು, ಊರು ಬಿಟ್ಟಿದ್ದೇನೆ, ಅಂಕಿಗಳನ್ನು ಸುತ್ತುಸಂಖ್ಯೆಗೆ ತಂದಿದ್ದೇನೆ.

ಪ್ರಶ್ನೆ ಎತ್ತಿದವರು ಮೇಷ್ಟ್ರು. 2025-26ರ ಫಾರಂ 16, ಅಂದರೆ ಸಂಬಳದಲ್ಲಿ ಕಡಿದುಕೊಂಡ ತೆರಿಗೆಯ ಪತ್ರ, ಕೈಗೆ ಬಂದಾಗ ಅವರು ಕೇಳಿದ್ದು ಇಷ್ಟು: ‘ಈ ಆದಾಯ ತೆರಿಗೆಯನ್ನೇ ಕಿತ್ತುಹಾಕಿ, ಕೊಳ್ಳುವ ವಸ್ತುವಿನ ಮೇಲೆ ಮಾತ್ರ ತೆರಿಗೆ ಹಾಕಿದರೆ ಆಗದೇ? ಗಳಿಸಿದವನನ್ನು ಹಿಡಿಯುವ ಬದಲು ಖರ್ಚು ಮಾಡಿದವನನ್ನು ಹಿಡಿಯಲಿ. ಆಗ ನಮ್ಮಣ್ಣನೂ ಕಟ್ಟುತ್ತಾನೆ, ತಮ್ಮನೂ ಕಟ್ಟುತ್ತಾನೆ.’ ಸಂಬಳದಾರರ ಬಾಯಲ್ಲಿ ಈ ಮಾತನ್ನು ನಾನು ಪ್ರತಿವರ್ಷ ಕೇಳುತ್ತೇನೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವ ಸಂಕಟ ಅದು, ಸುಳ್ಳಲ್ಲ. ಅದಕ್ಕೇ ಬಾಯಿಮಾತಿನಲ್ಲಿ ಉತ್ತರ ಕೊಡದೆ, ಅವರದೇ ಮನೆಯ ಐದು ಅಡುಗೆಮನೆಗಳ ಖರ್ಚು ಇಟ್ಟುಕೊಂಡು ಲೆಕ್ಕ ಹಾಕಿದೆ.

ಮೊದಲು ಈಗಿನ ಸ್ಥಿತಿ ನೋಡಿ. ಮೇಷ್ಟ್ರ ಸಂಬಳ ವರ್ಷಕ್ಕೆ 15.75 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 15 ಲಕ್ಷ ಉಳಿಯುತ್ತದೆ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ 5, ಅದರ ಮುಂದಿನ 4 ಲಕ್ಷಕ್ಕೆ ಶೇ 10, ಕೊನೆಯ 3 ಲಕ್ಷಕ್ಕೆ ಶೇ 15. ಒಟ್ಟು 1,05,000, ಅದರ ಮೇಲೆ ಶೇ 4 ಸೆಸ್, ಅಲ್ಲಿಗೆ 1,09,200 ರೂಪಾಯಿ. ಇದು ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಆಗಿ ಹೋಗಿರುತ್ತದೆ.

ಅಣ್ಣನದು ಸೊನ್ನೆ. ಕೃಷಿ ಆದಾಯಕ್ಕೆ, 2025-26ಕ್ಕೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಮಿನಲ್ಲೇ ವಿನಾಯಿತಿ ಇದೆ. ಕಾಫಿಯನ್ನು ಕಣದಲ್ಲಿ ಒಣಗಿಸಿ, ಚೀಲ ಕಟ್ಟಿ ವ್ಯಾಪಾರಿಗೆ ಕೊಟ್ಟದ್ದು ಆ ವಿನಾಯಿತಿಯಲ್ಲೇ ಬರುತ್ತದೆ. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಖರ್ಚು ಕಳೆದು ಅವರ ಕೈಯಲ್ಲಿ 18 ಲಕ್ಷ ಉಳಿದಿದೆ. ತಮ್ಮನಿಗಿಂತ ಹೆಚ್ಚು ಗಳಿಕೆ, ಕೇಂದ್ರಕ್ಕೆ ಕಟ್ಟಿದ ಆದಾಯ ತೆರಿಗೆ ಮಾತ್ರ ಏನೂ ಇಲ್ಲ. ಕಾನೂನಿನ ಪ್ರಕಾರ ಒಂದು ಪೈಸೆಯ ತಪ್ಪೂ ಇಲ್ಲ.

ಬೇಕರಿಯವರದೂ ಸೊನ್ನೆಯೇ, ಬೇರೆ ದಾರಿಯಲ್ಲಿ. ವರ್ಷದ ವಹಿವಾಟು 70 ಲಕ್ಷ. ಅದೇ ಕಾಯ್ದೆಯ 44ಎಡಿ ಕಲಮಿನ ಅಂದಾಜು ಪದ್ಧತಿಯಲ್ಲಿ ಯುಪಿಐ, ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಶೇ 6, ನಗದಿಗೆ ಶೇ 8 ಲಾಭ ತೋರಿಸಿದರೆ ಸಾಕು. ಹೇಗೆ ಹಾಕಿದರೂ ಆದಾಯ 4.2 ಲಕ್ಷದಿಂದ 5.6 ಲಕ್ಷದೊಳಗೆ. 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ಕಟ್ಟುವುದೇನೂ ಇಲ್ಲ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಸರಳ ಪದ್ಧತಿಯಾದ ಕಾಂಪೊಸಿಷನ್ ತೆಗೆದುಕೊಂಡಿದ್ದಾರೆ, ವಹಿವಾಟಿನ ಶೇ 1, ಅಂದರೆ 70,000 ರೂಪಾಯಿ ಕೈಯಿಂದ ಕಟ್ಟುತ್ತಾರೆ. ತಾಯಿಯ ಪಿಂಚಣಿ ಮತ್ತು ಠೇವಣಿ ಬಡ್ಡಿಗೆ ತೆರಿಗೆ ಬರುವುದಿಲ್ಲ. ಲೈನ್ ಮನೆಯವರ ಮಾತಂತೂ ಹೇಳಬೇಕಾಗಿಲ್ಲ.

ಐದು ಸಂಸಾರಗಳಲ್ಲಿ ಆದಾಯ ತೆರಿಗೆ ಕಟ್ಟುವವರು ಒಬ್ಬರೇ. ಮೇಷ್ಟ್ರ ದೂರು ಇಲ್ಲಿಂದ ಹುಟ್ಟಿದ್ದು. ಆ ಮಟ್ಟಿಗೆ ಅದು ನ್ಯಾಯವಾದ ದೂರು.

ಅವರು ಕೇಳಿದ ಬದಲಾವಣೆ ಹೊಸದೂ ಅಲ್ಲ. ಅಮೆರಿಕದಲ್ಲಿ ‘ಫೇರ್‌ಟ್ಯಾಕ್ಸ್’ ಎಂಬ ಮಸೂದೆಯನ್ನು ಜಾರ್ಜಿಯಾದ ಜಾನ್ ಲಿಂಡರ್ 1999ರಲ್ಲಿ ಮಂಡಿಸಿದರು. ಆಮೇಲೂ ಅದು ಮತ್ತೆ ಮತ್ತೆ ಬಂದಿದೆ. 2023ರಲ್ಲಿ ಅದೇ ರಾಜ್ಯದ ಬಡ್ಡಿ ಕಾರ್ಟರ್ ತಂದಾಗ ದೊಡ್ಡ ಸುದ್ದಿಯಾಯಿತು, ಸದನದ ಮತಕ್ಕೆ ಬರಲಿಲ್ಲ. ಆದಾಯ ತೆರಿಗೆ, ಕಂಪನಿ ತೆರಿಗೆ, ಸಂಬಳದ ಮೇಲಿನ ತೆರಿಗೆ ಎಲ್ಲ ರದ್ದು. ತೆರಿಗೆ ಇಲಾಖೆಯೇ ಬಂದ್. ಬದಲಿಗೆ ಹೊಸ ವಸ್ತು, ಸೇವೆಗಳ ಚಿಲ್ಲರೆ ಮಾರಾಟದ ಮೇಲೆ ಒಂದೇ ದರ, ಶೇ 23. ಈ 23ರ ಲೆಕ್ಕವನ್ನು ಬೇಕರಿಯಲ್ಲೇ ನೋಡಬಹುದು. 100 ರೂಪಾಯಿಯ ಕೇಕಿಗೆ 30 ರೂಪಾಯಿ ತೆರಿಗೆ ಸೇರಿ ಗಿರಾಕಿ 130 ಕೊಡುತ್ತಾನೆ. 130ರಲ್ಲಿ 30 ಎಂದರೆ ಶೇ 23. ನಾವು ಜಿಎಸ್‌ಟಿಯನ್ನು ಹೇಳುವ ಕ್ರಮದಲ್ಲಿ ಹೇಳಿದರೆ ಅದು ಶೇ 30ರ ತೆರಿಗೆ. ಅಧ್ಯಕ್ಷ ಬುಷ್ ನೇಮಿಸಿದ್ದ ಸಲಹಾ ಸಮಿತಿ 2005ರಲ್ಲಿ ಇಂಥ ಮಾರಾಟ ತೆರಿಗೆಯನ್ನು ಪರಿಶೀಲಿಸಿ, ಬರೀ ಆದಾಯ ತೆರಿಗೆಗಳ ಜಾಗ ತುಂಬಬೇಕಾದರೂ ನಮ್ಮ ಕ್ರಮದ ಲೆಕ್ಕದಲ್ಲಿ ಶೇ 34 ಬೇಕಾಗುತ್ತದೆ ಎಂದು ಹೇಳಿ ಶಿಫಾರಸು ಮಾಡದೆ ಬಿಟ್ಟಿತು.

ನಮ್ಮಲ್ಲೂ ಆದಾಯ ತೆರಿಗೆ ರದ್ದು ಮಾಡಿ ಎಂದು ಸುಬ್ರಮಣಿಯನ್ ಸ್ವಾಮಿಯಂಥವರು ಹೇಳುತ್ತಲೇ ಬಂದಿದ್ದಾರೆ. ಅದಕ್ಕೂ ಹಿಂದೆ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1956ರ ವರದಿಯಲ್ಲಿ ಭಾರತಕ್ಕೆ ವೆಚ್ಚ ತೆರಿಗೆ ಸೂಚಿಸಿದ್ದರು. 1957ರಲ್ಲಿ ಕಾಯ್ದೆ ಬಂತು, 1962ರಲ್ಲಿ ಹೋಯಿತು, 1964ರಲ್ಲಿ ಮತ್ತೆ ಬಂತು, 1966ರಲ್ಲಿ ಮತ್ತೆ ಹೋಯಿತು. ಅದು ಅಂಗಡಿಯಲ್ಲಿ ಎಲ್ಲರಿಂದ ವಸೂಲು ಮಾಡುವ ತೆರಿಗೆ ಆಗಿರಲಿಲ್ಲ, ದೊಡ್ಡ ಖರ್ಚಿನ ಮನೆಗಳ ವರ್ಷದ ವೆಚ್ಚಕ್ಕೆ ಮಾತ್ರ ಹಾಕಿದ್ದು. ಈ ವ್ಯತ್ಯಾಸ ಮುಖ್ಯ. ಕಾಲ್ಡರ್ ಹಿಡಿಯಲು ಹೊರಟಿದ್ದು ಜೀಪು ಕೊಳ್ಳುವವನನ್ನು, ಸೋಪು ಕೊಳ್ಳುವವನನ್ನಲ್ಲ.

ಈಗ ಭಾರತದ ಮಟ್ಟದ ಲೆಕ್ಕ. 2025-26ರ ಕೇಂದ್ರ ಬಜೆಟ್ಟಿನಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಂದ ನಿರೀಕ್ಷಿಸಿದ್ದು 14.38 ಲಕ್ಷ ಕೋಟಿ ರೂಪಾಯಿ. ಕಂಪನಿ ತೆರಿಗೆ ಬೇರೆ 10.82 ಲಕ್ಷ ಕೋಟಿ. 2024-25ರಲ್ಲಿ ದೇಶದ ಒಟ್ಟು ಜಿಎಸ್‌ಟಿ ಸಂಗ್ರಹ, ಕೇಂದ್ರ ರಾಜ್ಯ ಎರಡೂ ಸೇರಿ, 22.08 ಲಕ್ಷ ಕೋಟಿ. ಕಂಪನಿ ತೆರಿಗೆಯನ್ನು ಮುಟ್ಟದೆ, ಮೇಷ್ಟ್ರಂಥವರು ಕಟ್ಟುವ ತೆರಿಗೆಯನ್ನಷ್ಟೇ ತೆಗೆದು ಅದರ ಭಾರವನ್ನು ಜಿಎಸ್‌ಟಿ ಮೇಲೆ ಹೊರಿಸಿದರೂ ಪ್ರತಿ ದರವೂ ಶೇ 65ರಷ್ಟು ಏರಬೇಕು. 5 ಇದ್ದದ್ದು ಸುಮಾರು 8.25 ಆಗುತ್ತದೆ, 18 ಇದ್ದದ್ದು 29.7. ಇದು ಮೃದುವಾದ ಅಂದಾಜು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಿವೆ, ಹಾಗಾಗಿ ಏರಿಕೆ ಇನ್ನೂ ಹೆಚ್ಚೇ ಬೇಕಾಗಬಹುದು. ಬೆಲೆ ಏರಿದರೂ ಜನ ಅಷ್ಟೇ ಕೊಳ್ಳುತ್ತಾರೆ, ಅಷ್ಟೇ ಬಿಲ್ಲು ಹಾಕಿಸುತ್ತಾರೆ ಎಂದೂ ನಾನು ಊಹಿಸಿಕೊಂಡಿದ್ದೇನೆ.

ಇದೇ ದರದಲ್ಲಿ ಐದು ಮನೆಗಳಿಗೆ ಬರುತ್ತೇನೆ. ಪ್ರತಿ ಮನೆಯ ಖರ್ಚನ್ನು ಮೂರು ಪಾಲು ಮಾಡಿದೆ. ಜಿಎಸ್‌ಟಿ ತಗಲದ್ದು ಒಂದು: ಬಿಡಿ ಅಕ್ಕಿ, ಹಾಲು, ತರಕಾರಿ, ಶಾಲೆ ಶುಲ್ಕ, ಆಸ್ಪತ್ರೆ, ಮನೆ ಸಾಲದ ಕಂತು. ಶೇ 5ರದ್ದು ಇನ್ನೊಂದು: ಎಣ್ಣೆ, ಸಕ್ಕರೆ, ಟೀ ಪುಡಿ, ಸೋಪು, ಗ್ಯಾಸು, ಔಷಧಿ, ಸಾಮಾನ್ಯ ಬಟ್ಟೆ. ಶೇ 18ರದ್ದು ಮೂರನೆಯದು: ಮೊಬೈಲ್ ರೀಚಾರ್ಜ್, ಬಟ್ಟೆ ಪುಡಿ, ಸಿಮೆಂಟು, ಬೈಕು, ರಿಪೇರಿ.

ಮೇಷ್ಟ್ರ ಮನೆಯಲ್ಲಿ ವರ್ಷದ ಖರ್ಚು 8 ಲಕ್ಷ. ಅರ್ಧಕ್ಕೆ ಜಿಎಸ್‌ಟಿ ಇಲ್ಲ, ಉಳಿದ 4 ಲಕ್ಷದಲ್ಲಿ ಎರಡು ಶೇ 5ರದ್ದು, ಎರಡು ಶೇ 18ರದ್ದು. ಏರಿದ ದರದಿಂದ ಅವರ ಮೇಲೆ ಹೆಚ್ಚುವರಿ ಬೀಳುವುದು 29,900 ರೂಪಾಯಿ. ಉಳಿಯುವುದು 1,09,200. ನಿವ್ವಳ ಲಾಭ 79,300. ಅವರು ಈ ಬದಲಾವಣೆ ಬಯಸುವುದರಲ್ಲಿ ಆಶ್ಚರ್ಯವಿಲ್ಲ.

ಲೈನ್ ಮನೆಯ ದಂಪತಿಯ ಗಳಿಕೆ ಇಬ್ಬರದೂ ಸೇರಿ ವರ್ಷಕ್ಕೆ 2.2 ಲಕ್ಷ. ಮಳೆ ಹಿಡಿದ ವಾರಗಳಲ್ಲಿ, ಆನೆ ಬಂದಿದೆ ಎಂದು ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ ಕೂಲಿ ಇಲ್ಲ, ಹಾಗಾಗಿ ಅಷ್ಟೇ ಆಗುತ್ತದೆ. ಖರ್ಚು 2 ಲಕ್ಷ. ಅರ್ಧ ಜಿಎಸ್‌ಟಿ ಇಲ್ಲದ್ದು, 70,000 ಶೇ 5ರದ್ದು, 30,000 ಶೇ 18ರದ್ದು. ಅವರ ಮೇಲೆ ಬೀಳುವ ಹೆಚ್ಚುವರಿ 5,785 ರೂಪಾಯಿ. ಮೊತ್ತ ನೋಡಿದರೆ ಮೇಷ್ಟ್ರದಕ್ಕಿಂತ ಕಡಿಮೆ. ಆದರೆ ಇವರಿಗೆ ರದ್ದಾಗುವ ಆದಾಯ ತೆರಿಗೆಯೇ ಇಲ್ಲ, ಆದ್ದರಿಂದ ಇದು ಪೂರ್ತಿ ನಷ್ಟ. ದಿನಕ್ಕೆ 450 ರೂಪಾಯಿ ಕೂಲಿಯಂತೆ ಒಬ್ಬರ 13 ದಿನದ ದುಡಿಮೆ. ಆ ಮನೆಯ ಹೆಣ್ಣುಮಗಳು ಖರ್ಚಿನ ಲೆಕ್ಕ ಹೇಳುವಾಗ ರೀಚಾರ್ಜಿನ ವಿಷಯಕ್ಕೆ ಬಂದು ನಿಲ್ಲಿಸಿದರು. ಎರಡು ಫೋನು, ಒಂದು ಅವರದು, ಇನ್ನೊಂದು ಹಾಸ್ಟೆಲಿನಲ್ಲಿ ಓದುವ ಮಗಳದು. ಮಗಳ ಫೋನಿಗೆ ತಪ್ಪದೆ ಹಾಕಿಸುತ್ತಾರೆ, ತಮ್ಮದನ್ನು ಕೂಲಿ ಸಿಕ್ಕ ವಾರ ಮಾತ್ರ. ಶೇ 18ರ ತೆರಿಗೆ ಈಗಲೇ ಆ ರೀಚಾರ್ಜಿನಲ್ಲಿ ಸೇರಿದೆ. ‘ಬಡವರು ತೆರಿಗೆ ಕಟ್ಟುವುದಿಲ್ಲ’ ಎಂದು ಹೇಳುವವರು ಈ ಮನೆಗೆ ಒಮ್ಮೆ ಹೋಗಿ ಬರಬೇಕು.

ತಾಯಿಯ ಖರ್ಚು 3 ಲಕ್ಷ, ಅವರ ಮೇಲೆ ಹೆಚ್ಚುವರಿ ಸುಮಾರು 10,270. ಅವರ ವಿಷಯದಲ್ಲಿ ಇನ್ನೊಂದು ಅನ್ಯಾಯವಿದೆ. ನೌಕರಿಯುದ್ದಕ್ಕೂ ಆದಾಯ ತೆರಿಗೆ ಕಟ್ಟಿ ಮಿಕ್ಕಿದ್ದನ್ನು ಠೇವಣಿ ಇಟ್ಟವರು. ಆ ಹಣವನ್ನು ಈಗ ಔಷಧಿಗೆ, ಮೊಮ್ಮಕ್ಕಳ ಬಟ್ಟೆಗೆ ತೆಗೆದಾಗ ಎರಡನೇ ಸಲ ತೆರಿಗೆ. ಆದಾಯ ತೆರಿಗೆಯ ಕಾಲದಲ್ಲಿ ಉಳಿಸಿ ಮಾರಾಟ ತೆರಿಗೆಯ ಕಾಲದಲ್ಲಿ ಖರ್ಚು ಮಾಡುವ ಒಂದು ಇಡೀ ತಲೆಮಾರಿಗೆ ಹೀಗೇ ಆಗುತ್ತದೆ.

ಅಣ್ಣನ ಲೆಕ್ಕವೇ ಈ ಪ್ರಕರಣದ ತಿರುಳು. ಸಂಸಾರದ ಖರ್ಚು 6 ಲಕ್ಷ, ಅದಕ್ಕೆ ಹೆಚ್ಚುವರಿ 24,050. ಇದರ ಜೊತೆಗೆ ತೆರಿಗೆ ಬಿಟ್ಟು 10 ಲಕ್ಷದ, ಶೇ 18ರ ದರದ ಸಣ್ಣ ಜೀಪು ಕೊಂಡರೆ ಇನ್ನೂ 1,17,000. ಒಟ್ಟು 1,41,050. ಮೇಷ್ಟ್ರು ಹೇಳಿದ ಮಾತು ಇಲ್ಲಿ ನಿಜವಾಯಿತು: ಆದಾಯ ತೆರಿಗೆ ಮುಟ್ಟದವರನ್ನು ಮಾರಾಟ ತೆರಿಗೆ ಮುಟ್ಟುತ್ತದೆ. ಈ ವಾದಕ್ಕೆ ಇರುವ ಅತಿ ದೊಡ್ಡ ಬಲ ಇದೇ, ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ.

ಆದರೆ ಅಣ್ಣ ಜೀಪು ಕೊಳ್ಳಲಿಲ್ಲ. ಪಕ್ಕದ ತೋಟದವರು ಮಾರಾಟಕ್ಕಿಟ್ಟಿದ್ದ ಎರಡು ಎಕರೆಗೆ ಮುಂಗಡ ಕೊಟ್ಟರು. ಜಮೀನಿನ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ನೋಂದಣಿ ಮತ್ತು ಮುದ್ರಾಂಕ ಶುಲ್ಕ ಮಾತ್ರ. ಠೇವಣಿ ಇಟ್ಟರೂ ಅಷ್ಟೇ. ಅಂದರೆ 18 ಲಕ್ಷ ಉಳಿದ ಮನೆಯಲ್ಲಿ ಹೊಸ ತೆರಿಗೆ ಹಿಡಿದದ್ದು 24,050, ಗಳಿಕೆಯ ಶೇ 1.3. ಕೂಲಿ ಮನೆಯಲ್ಲಿ ಹಿಡಿದದ್ದು ಗಳಿಕೆಯ ಶೇ 2.6. ಉಳಿಸಬಲ್ಲವನಿಗೆ ತೆರಿಗೆಯನ್ನು ಮುಂದೂಡುವ ದಾರಿ ಇದೆ, ಬಂದದ್ದೆಲ್ಲ ಅದೇ ವಾರ ಖರ್ಚಾಗುವವರಿಗೆ ಆ ದಾರಿ ಇಲ್ಲ. ಎಂದಾದರೂ ಖರ್ಚು ಮಾಡಿಯೇ ಮಾಡುತ್ತಾರಲ್ಲ ಎಂದು ಮೇಷ್ಟ್ರು ವಾದಿಸಿದರು. ತೋಟ ಖರ್ಚಾಗುವುದಿಲ್ಲ. ಅದು ಮಕ್ಕಳಿಗೆ ಹೋಗುತ್ತದೆ, ಅವರು ಇನ್ನೆರಡು ಎಕರೆ ಸೇರಿಸುತ್ತಾರೆ.

ಬೇಕರಿಯವರ ಸಂಸಾರದ ಹೆಚ್ಚುವರಿ 13,260. ಐದೂ ಮನೆ ಸೇರಿ ಸರ್ಕಾರಕ್ಕೆ ಹೊಸದಾಗಿ ಬರುವುದು 83,265, ಕಳೆದುಕೊಳ್ಳುವುದು ಮೇಷ್ಟ್ರ 1,09,200. ಅಣ್ಣ ಜೀಪು ಕೊಂಡಿದ್ದರೆ ಎರಡು ಲಕ್ಷ ದಾಟುತ್ತಿತ್ತು. ಕಾಫಿ ರೇಟು ಏರಿ, ತೋಟದವರ ಕೈ ಸಡಿಲಾದ ವರ್ಷ ಖಜಾನೆ ತುಂಬುತ್ತದೆ, ರೇಟು ಬಿದ್ದ ವರ್ಷ ಖಾಲಿ. ಐದು ಮನೆಯಿಂದ ದೇಶದ ಲೆಕ್ಕ ಹೇಳಲಾಗದು, ಆದರೆ ತಿಂಗಳು ತಪ್ಪದೆ ಬರುವ ಟಿಡಿಎಸ್ ಕೈಬಿಟ್ಟು ಇದನ್ನು ಹಿಡಿಯುವುದು ಎಷ್ಟು ಅಸ್ಥಿರ ಎನ್ನುವುದು ಕಾಣುತ್ತದೆ.

ಇನ್ನು ವಸೂಲಿಯ ಪ್ರಶ್ನೆ. ಇದನ್ನು ಬೇಕರಿಯ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ನೋಡಬೇಕು.

ಜಿಎಸ್‌ಟಿ ಹಂತ ಹಂತವಾಗಿ ಬರುವ ತೆರಿಗೆ. ಎಣ್ಣೆ ಕಂಪನಿ ಎಣ್ಣೆಗೆ ಕಟ್ಟುತ್ತದೆ, ಡಬ್ಬ ಮಾಡುವವನು ಡಬ್ಬಕ್ಕೆ, ಓವನ್ ಮಾರಿದವನು ಓವನ್ನಿಗೆ. ಕೊನೆಯ ಅಂಗಡಿಯವನು ಬಿಲ್ಲು ಹಾಕದಿದ್ದರೂ ಹಿಂದಿನ ಹಂತಗಳ ತೆರಿಗೆ ಆಗಲೇ ಬಂದಿರುತ್ತದೆ. ಅಮೆರಿಕದ ಮಾದರಿಯಲ್ಲಿ ಹಾಗಲ್ಲ. ವ್ಯಾಪಾರಕ್ಕೆಂದು ಕೊಂಡದ್ದಕ್ಕೆ ತೆರಿಗೆಯೇ ಇಲ್ಲ, ಪೂರ್ತಿ ಭಾರ ಕೊನೆಯ ಮಾರಾಟದ ಮೇಲೆ. ಈ ಬೇಕರಿಯ ದಿನದ ವ್ಯಾಪಾರ ಸುಮಾರು 20,000. ಅದರ ಮೇಲೆ ಶೇ 30 ಎಂದರೆ ದಿನಕ್ಕೆ 6,000 ರೂಪಾಯಿ, ಸರ್ಕಾರದ ಹಣ, ಒಬ್ಬ ಬೇಕರಿಯವನ ಡ್ರಾಯರಿನಲ್ಲಿ. ಪಕ್ಕದ ಅಂಗಡಿಯವನು ‘ನಗದು ಕೊಟ್ಟರೆ ನೂರಕ್ಕೇ ಕೊಡ್ತೀನಿ’ ಎಂದರೆ ಗಿರಾಕಿ ಯಾಕೆ 130 ಕೊಡುತ್ತಾನೆ? ನೆಟ್ಟಗೆ ಬಿಲ್ಲು ಹಾಕುವವನ ಅಂಗಡಿ ಮುಚ್ಚುತ್ತದೆ.

ಇದು ಕಲ್ಪನೆಯ ಮಾತಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಏನಾಯಿತು ಎಂದು ಎಲ್ಲರಿಗೂ ನೆನಪಿದೆ. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತುಗಳಲ್ಲಿ ಕ್ಯೂಆರ್ ಕೋಡಿನ ಹಲಗೆ ಇಳಿಯಿತು, ‘ನಗದು ಮಾತ್ರ’ ಎಂಬ ಚೀಟಿ ಏರಿತು. ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ಕೇಳುವುದಿಲ್ಲ, ಮುಂದೆ ನೋಂದಣಿ ಮಾಡಿಸಿ ಎಂದ ಮೇಲೆ ತಣ್ಣಗಾಯಿತು. ರಾಜ್ಯದ ಬೇಕರಿಗಳಲ್ಲಿ ಹಾಸನ ಜಿಲ್ಲೆಯಿಂದ ಹೋದವರು ಎಷ್ಟಿದ್ದಾರೆ ಎಂದು ಗೊತ್ತಿದ್ದವರಿಗೆ ಆ ವಾರ ಇಲ್ಲಿನ ಮನೆಮನೆಯಲ್ಲಿ ಎಷ್ಟು ಕಳವಳ ಇತ್ತು ಎಂದು ಹೇಳಬೇಕಿಲ್ಲ. ಕಾಂಪೊಸಿಷನ್ನಿನಲ್ಲಿ ಶೇ 1ಕ್ಕೆ ಮುಗಿಯಬಹುದಾದ ತೆರಿಗೆಗೇ ಇಷ್ಟು ಭಯ ಇದ್ದರೆ ಶೇ 30ಕ್ಕೆ ಏನಾದೀತು? ಆದಾಯ ತೆರಿಗೆ ಇಲಾಖೆ ಇಲ್ಲದಂತಾಗುತ್ತದೆ ಎನ್ನುವುದು ಆಕರ್ಷಕ ಮಾತು. ಆ ಇಲಾಖೆಯ ಕೆಲಸ ಎಲ್ಲಿಗೂ ಹೋಗುವುದಿಲ್ಲ, ಮೇಷ್ಟ್ರ ಸಂಬಳದ ಚೀಟಿಯಿಂದ ತಮ್ಮನ ಕೌಂಟರಿಗೆ ಬಂದು ಕೂರುತ್ತದೆ.

ತೋಟದಲ್ಲೂ ಇಂಥದೇ ತೊಡಕು. ವ್ಯಾಪಾರಕ್ಕೆ ಕೊಂಡದ್ದಕ್ಕೆ ತೆರಿಗೆ ಇಲ್ಲ, ಮನೆಗೆ ಕೊಂಡದ್ದಕ್ಕೆ ಉಂಟು ಎಂದರೆ ಸಿಮೆಂಟಿನ ಚೀಲ ಯಾವುದಕ್ಕೆ ಸೇರುತ್ತದೆ? ಅಣ್ಣ ಕಳೆದ ಬೇಸಿಗೆಯಲ್ಲಿ ಸಿಮೆಂಟು ತರಿಸಿದ್ದು ಕಾಫಿ ಕಣ ಸರಿಮಾಡಲು. ಕಣ ಮುಗಿದು ಉಳಿದ ಚೀಲಗಳಲ್ಲಿ ಮನೆಯ ಮುಂದಿನ ಜಗುಲಿಯೂ ಆಯಿತು. ಯಾರೂ ಮೋಸ ಮಾಡಿಲ್ಲ. ಒಂದೇ ಲಾರಿಯ ಸಿಮೆಂಟು, ಒಬ್ಬನೇ ಗಾರೆ ಮೇಸ್ತ್ರಿ. ಅದನ್ನು ಬಿಡಿಸಿ ಶೇ 30 ವಸೂಲು ಮಾಡಲು ಪ್ರತಿ ತೋಟಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬೇಕು. ಈಗಿನ ಜಿಎಸ್‌ಟಿಯಲ್ಲಿ ಈ ತೊಡಕು ಬೇರೆ ರೂಪದಲ್ಲಿದೆ: ಬೆಳೆಗಾರನಿಗೆ ನೋಂದಣಿ ಇಲ್ಲ, ಗೊಬ್ಬರಕ್ಕೆ ಕೊಟ್ಟ ಶೇ 5, ಕೀಟನಾಶಕಕ್ಕೆ ಕೊಟ್ಟ ಶೇ 18 ವಾಪಸು ಬರುವುದಿಲ್ಲ. ಒಣಗಿಸಿದ ಕಾಳುಮೆಣಸನ್ನು ಬೆಳೆಗಾರನೇ ಮಾರಿದರೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟವಾಗಲು 2024ರ ಡಿಸೆಂಬರಿನ ಜಿಎಸ್‌ಟಿ ಕೌನ್ಸಿಲ್ ಸಭೆಯವರೆಗೆ ಕಾಯಬೇಕಾಯಿತು.

ಬಡವರಿಗೆ ಆಗುವ ನಷ್ಟವನ್ನು ತುಂಬಿಕೊಡುವ ಏರ್ಪಾಡು ಫೇರ್‌ಟ್ಯಾಕ್ಸಿನಲ್ಲಿ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಬದುಕಲು ಬೇಕಾದಷ್ಟು ಖರ್ಚಿನ ತೆರಿಗೆಯನ್ನು ಪ್ರತಿ ಕುಟುಂಬಕ್ಕೂ ತಿಂಗಳ ಮೊದಲೇ ಸರ್ಕಾರ ಕೊಟ್ಟುಬಿಡುತ್ತದೆ. ನಮ್ಮಲ್ಲಿ ಅಕ್ಕಿ, ಹಾಲಿಗೂ ಶೇ 30 ಹಾಕಿ, ವರ್ಷಕ್ಕೆ 1.5 ಲಕ್ಷದ ಖರ್ಚನ್ನು ಬದುಕಿನ ಅಗತ್ಯ ಎಂದು ಹಿಡಿದರೆ, ಒಂದು ಕುಟುಂಬಕ್ಕೆ 45,000, ತಿಂಗಳಿಗೆ 3,750 ರೂಪಾಯಿ. ಗೃಹಲಕ್ಷ್ಮಿಯ 2,000ದ ಹತ್ತಿರ ಹತ್ತಿರ ಎರಡು ಪಟ್ಟು. ಗೃಹಲಕ್ಷ್ಮಿ ಸುಮಾರು 1.2 ಕೋಟಿ ಮಹಿಳೆಯರಿಗೆ ಹೋಗುತ್ತಿದೆ, ಅಷ್ಟೇ ಕುಟುಂಬಗಳಿಗೆ ಇದನ್ನು ಕೊಟ್ಟರೂ ಕರ್ನಾಟಕ ಒಂದಕ್ಕೇ ವರ್ಷಕ್ಕೆ 54,000 ಕೋಟಿ ಬೇಕು. ಆ ಹಣಕ್ಕೆ ದರ ಮತ್ತೆ ಏರಬೇಕು. ಹಣ ಬರುವುದೂ ತಾರೀಖಿಗೆ ಸರಿಯಾಗಿ ಬರಬೇಕು. ಲೈನ್ ಮನೆಯ ಹೆಣ್ಣುಮಗಳು ಹೇಳಿದ್ದು ಇದನ್ನೇ: ‘ಅಂಗಡಿಯವ್ನು ದುಡ್ಡು ಇವತ್ತೇ ಇಸ್ಕತಾನೆ, ಸರ್ಕಾರದ ದುಡ್ಡು ಯಾವತ್ತು ಬತ್ತದೋ ಬರ್ಲಿ ಅಂತ ಕಾಯಕಾಯ್ತದಾ?’ ಯಾವ ಸಮಿತಿಯ ವರದಿಯಲ್ಲೂ ಈ ಯೋಜನೆಯ ದುರ್ಬಲ ಜಾಗವನ್ನು ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಮೇಷ್ಟ್ರಿಗೆ ನಾನು ಬರೆದುಕೊಟ್ಟ ಅಭಿಪ್ರಾಯ ಇದು. ನಿಮ್ಮ ಸಿಟ್ಟು ಸರಿ, ನೀವು ಕೇಳಿದ ಮದ್ದು ತಪ್ಪು. ನಿಮ್ಮ ಮನೆಯಲ್ಲಿ ತೆರಿಗೆ ತಪ್ಪುತ್ತಿರುವುದು ಖರ್ಚಿನಲ್ಲಲ್ಲ, ದೊಡ್ಡ ಕೃಷಿ ಆದಾಯದಲ್ಲಿ. ಅದನ್ನು ಹಿಡಿಯಲು ಲೈನ್ ಮನೆಯ ಸೋಪಿಗೆ ತೆರಿಗೆ ಏರಿಸುವ ಅಗತ್ಯ ಇಲ್ಲ. ಕೃಷಿ ಆದಾಯದ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯ ಪಟ್ಟಿಯ 46ನೇ ನಮೂದು, ಕೇಂದ್ರದ ಕೈಯಲ್ಲಿಲ್ಲ. ಕರ್ನಾಟಕದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಇದ್ದೇ ಇತ್ತು. ಸಂಬಳದವರಿಗೆ 12 ಲಕ್ಷದವರೆಗೆ ಬಿಟ್ಟ ಹಾಗೆ ಬೆಳೆಗಾರರಿಗೂ ಎತ್ತರದ ಮಿತಿ ಇಟ್ಟು, ಅದರ ಮೇಲಿನದಕ್ಕೆ ಮಾತ್ರ ತೆರಿಗೆ ಹಾಕಬಹುದು. ಸಣ್ಣ ಹಿಡುವಳಿಯವರು ಯಾರೂ ಅದರಲ್ಲಿ ಸಿಗುವುದಿಲ್ಲ. ಸಕಲೇಶಪುರ, ಮೂಡಿಗೆರೆಯ ಕಡೆ ಈ ಮಾತು ಎತ್ತಿದರೆ ಯಾವ ಪಕ್ಷದವರಿಗೂ ಮತ ಸಿಗುವುದಿಲ್ಲ ಎನ್ನುವುದು ನನಗೆ ಗೊತ್ತು. ಹಾಗೆಂದು ಲೆಕ್ಕ ಬದಲಾಗುವುದಿಲ್ಲ.

ಅಣ್ಣ ಅದನ್ನು ಓದಿ ಒಪ್ಪಲಿಲ್ಲ. ಅವರ ಆಕ್ಷೇಪಕ್ಕೂ ತೂಕವಿದೆ. 2018, 2019ರ ಮಳೆಯಲ್ಲಿ ಕಾಯಿ ಉದುರಿ ನೆಲ ಕಂಡಾಗ ಯಾರೂ ಕೇಳಲಿಲ್ಲ, ಬಿಳಿ ಕಾಂಡಕೊರಕ ಬಂದು ಅರೇಬಿಕಾ ಗಿಡ ಕಿತ್ತಾಗ ಮೂರು ನಾಲ್ಕು ವರ್ಷ ಫಸಲಿಲ್ಲದೆ ಕೂತೆವು, ರೇಟು ಬಂದ ಒಂದು ವರ್ಷ ನೋಡಿ ತೆರಿಗೆ ಹಾಕುತ್ತೀರಾ ಎಂದು ಕೇಳಿದರು. ಹಾಗಾದರೆ ಐದು ವರ್ಷದ ಸರಾಸರಿ ಆದಾಯದ ಮೇಲೆ ಹಾಕಿದರೆ, ನಷ್ಟದ ವರ್ಷವನ್ನು ಮುಂದಿನ ವರ್ಷಕ್ಕೆ ಕಳೆದುಕೊಳ್ಳಲು ಬಿಟ್ಟರೆ ಎಂದು ಕೇಳಿದೆ. ತಮ್ಮನ ಹತ್ತಿರ ಕಾಗದ ಇಸಿದುಕೊಂಡು ತಮ್ಮ ಐದು ವರ್ಷದ ಚೀಲಗಳ ಲೆಕ್ಕ ಬರೆದರು. ಸರಾಸರಿ 12 ಲಕ್ಷದೊಳಗೇ ನಿಂತಿತು. ಅಂಥ ಕಾನೂನು ಬಂದರೆ ತಾವು ಈ ವರ್ಷ ಕಟ್ಟಬೇಕಾಗುವುದಿಲ್ಲ, ರೇಟು ಇನ್ನೂ ಎರಡು ವರ್ಷ ಹೀಗೇ ನಿಂತರೆ ಕಟ್ಟಬೇಕಾಗುತ್ತದೆ, ಹಾಗಾದರೆ ಕಟ್ಟುತ್ತೇನೆ ಎಂದರು.